ಈ ಗೋಡೆ ಯಾವುದಕ್ಕೆ ಹೆದರಿತ್ತು? ಕಲಬುರಗಿ–ಬೀದರ್–ಸುರಪುರ ಶಾಲಾ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ರಜೆ ಮುಗಿದು ಶಾಲೆ ತೆರೆದರೆ ಸಾಕು, ನನ್ನ ಫೋನಿಗೆ ಪುರುಸೊತ್ತಿಲ್ಲ. "ಸರ್, ನೀವು ಮಕ್ಕಳನ್ನ ಯುದ್ಧದ ಟ್ರಿಪ್ಪಿಗೆ ಕರಕೊಂಡು ಹೋಗ್ತೀರಲ್ಲ, ಅದು ಹೆಂಗ್ರಿ?" ಅಂತ ಅಕ್ಕಪಕ್ಕದ ತಾಲ್ಲೂಕಿನ ಮೇಷ್ಟ್ರುಗಳು ಕೇಳುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವನು ನಾನು. ಒಂದೇ ಉತ್ತರವನ್ನು ಹತ್ತು ಜನರಿಗೆ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಯುದ್ಧಭೂಮಿ ಅಂದರೆ ಬಯಲು ಅಲ್ವಾ? ಕೋಟೆಗೆ ಯಾಕೆ ಹೋಗಬೇಕು?

ಬಯಲಿಗೂ ಹೋಗಿ ನೋಡಿದ್ದೇನೆ. 1565ರ ಜನವರಿ 23ರ ತಾಳಿಕೋಟೆ ಕದನದ ಜೊತೆ ರಕ್ಕಸಗಿ, ತಂಗಡಗಿ ಊರುಗಳ ಹೆಸರು ಸೇರಿಕೊಂಡಿದೆ ಅಂತ ಒಂದು ವರ್ಷ ಕೃಷ್ಣಾ ದಂಡೆಗೇ ಬಸ್ ಬಿಟ್ಟೆ. ಇಳಿದು ನೋಡಿದರೆ ಹೊಲ. ಒಬ್ಬ ಹುಡುಗ ಸುತ್ತ ನೋಡಿ "ಸರ್, ಯುದ್ಧ ಎಲ್ಲೈತ್ರಿ?" ಅಂದ. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಮಳೆ ಬಂದು, ನೇಗಿಲು ಹೊಡೆದು ಬಯಲು ಎಲ್ಲವನ್ನೂ ಮರೆತುಬಿಡುತ್ತದೆ.

ಕೋಟೆ ಹಾಗಲ್ಲ. ಎದುರಿನವನ ಕೈಯಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಗೋಡೆ ಕಟ್ಟುತ್ತಾರೆ. ಏಣಿ ತರುವವನಿಗೆ ಒಂದು ಗೋಡೆ, ಆನೆ ತರುವವನಿಗೆ ಒಂದು ಬಾಗಿಲು, ತೋಪು, ಅಂದರೆ ಫಿರಂಗಿ ತರುವವನಿಗೆ ಇನ್ನೊಂದು ಬುರುಜು. ಅದಕ್ಕೇ ನಾನು ಪ್ರವಾಸದ ಉದ್ದಕ್ಕೂ ಒಂದೇ ಪ್ರಶ್ನೆ ಕೇಳಿಸುತ್ತೇನೆ: "ಈ ಗೋಡೆ ಯಾವುದಕ್ಕೆ ಹೆದರಿತ್ತು?" ಇಸವಿ, ರಾಜರ ಹೆಸರು ಎಲ್ಲ ಆಮೇಲೆ.

ಯಾವ ದಾರಿ? ಎಷ್ಟು ದಿನ ಬೇಕು?

ಮೂರು ದಿನ ಸಿಕ್ಕರೆ ಆರಾಮ. ಮೊದಲ ದಿನ ಮಳಖೇಡ ಮತ್ತು ಕಲಬುರಗಿ ಕೋಟೆ. ಎರಡನೇ ದಿನ ಬೀದರ್, ಹೋಗುವಾಗ ಇಲ್ಲವೇ ಬರುವಾಗ ಬಸವಕಲ್ಯಾಣ. ಮೂರನೇ ದಿನ ಸುರಪುರ, ವಾಗಣಗೇರಾ. ಒಂದೇ ದಿನ ಇದ್ದರೆ ಬೀದರ್ ಒಂದೇ ಸಾಕು. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಮಕ್ಕಳು ನೋಡುವುದು ಬಸ್ಸಿನ ಸೀಟು ಮಾತ್ರ.

ಕಲಬುರಗಿ–ಬೀದರ್ ರೈಲು 2017ರಲ್ಲಿ ಶುರುವಾಯಿತು. ಸಣ್ಣ ಗುಂಪಾದರೆ ರೈಲೇ ಖುಷಿ. ನವೆಂಬರಿನಿಂದ ಫೆಬ್ರವರಿವರೆಗೆ ಹೋಗಿ. ಮಾರ್ಚ್ ದಾಟಿದರೆ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ, ಕಲ್ಲಿನ ಮೇಲೆ ಕೈ ಇಡಲು ಆಗುವುದಿಲ್ಲ.

ಮಳಖೇಡದಲ್ಲಿ ನೋಡೋಕೆ ಏನಿದೆ?

ಜಾಸ್ತಿ ಇಲ್ಲ, ನಿಜ. ಕಾಗಿಣಾ ನದಿ, ಕೋಟೆಯ ಉಳಿದ ಗೋಡೆ. ಅದೂ ಬಹುಪಾಲು ಆಮೇಲಿನ ಕಾಲದ್ದು. ಆದರೆ ಇದು ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಇದನ್ನು ಸೂರೆ ಮಾಡಿದ. ಆಗ ಮದ್ದೂ (ಸಿಡಿಮದ್ದು) ಇಲ್ಲ, ತೋಪೂ ಇಲ್ಲ. ಆನೆ, ಕುದುರೆ, ಬಿಲ್ಲು, ಕತ್ತಿ, ಬೆಂಕಿ ಅಷ್ಟೇ. ಮದ್ದಿಲ್ಲದ ಯುದ್ಧದಲ್ಲೂ ಒಂದು ದೊಡ್ಡ ರಾಜಧಾನಿ ಬಿದ್ದಿತ್ತು ಅನ್ನುವುದು ಮಕ್ಕಳ ತಲೆಯಲ್ಲಿ ಕೂತರೆ ಸಾಕು. ಮುಕ್ಕಾಲು ಗಂಟೆ ಕೊಡಿ, ನದಿ ಹತ್ತಿರ ತಿಂಡಿ ಮುಗಿಸಿ ಹೊರಡಿ.

ಕಲಬುರಗಿ ಕೋಟೆಯ ತೋಪು ಜಗತ್ತಿನಲ್ಲೇ ಉದ್ದದ್ದಂತೆ, ಹೌದಾ?

ಈ ಪ್ರಶ್ನೆ ಕೇಳದ ಶಾಲೆಯೇ ಇಲ್ಲ. ಬಾರಾ ಗಜ್ ತೋಪು ಅಂತ ಹೆಸರು, ಅಂದರೆ ಹನ್ನೆರಡು ಗಜ. 29 ಅಡಿ ಅಂತ ಹೇಳುತ್ತಾರೆ. "ವಿಶ್ವದಲ್ಲೇ ಉದ್ದ" ಅನ್ನುವುದು ನಮ್ಮೂರ ಅಭಿಮಾನದ ಮಾತು ಅಂತ ಮಕ್ಕಳಿಗೆ ಹೇಳಿ, ಕೈಗೆ ಒಂದು ಹಗ್ಗ ಕೊಟ್ಟುಬಿಡಿ. ಅವರೇ ಅಳೆಯಲಿ. ಬಾಯಿಯಿಂದ ಅಳೆಯಬೇಕಾ, ಹಿಂದಿನ ಗುಬುಟು ಸೇರಿಸಬೇಕಾ ಅಂತ ಜಗಳ ಶುರುವಾಗುತ್ತದೆ. ಆಗಲಿ ಬಿಡಿ. ಅಳತೆಯ ಜಗಳದಿಂದಲೇ ಇತಿಹಾಸ ಶುರುವಾಗುವುದು.

ಆದರೆ ತೋಪಿಗಿಂತ ಮೊದಲು ಕೋಟೆ ನೋಡಿ. 1347ರಲ್ಲಿ ಹಸನ್ ಬಹಮನ್ ಶಾಹ ಇಲ್ಲಿ ಬಹಮನಿ ರಾಜ್ಯ ಕಟ್ಟಿದ. ಒಳಗೆ ಬಾಲಾ ಹಿಸ್ಸಾರ್ ಅನ್ನುವ ದೊಡ್ಡ ಕಟ್ಟಡ ನಿಂತಿದೆ. ದಪ್ಪ ಗೋಡೆ, ನೆಲದ ಮಟ್ಟದಲ್ಲಿ ಕಿಟಕಿಯಿಲ್ಲ. ಹೊರಗಿನ ಗೋಡೆ ಹೋದರೂ ಇದೊಂದು ಉಳಿಯಲಿ ಅನ್ನುವ ಲೆಕ್ಕ. ಪಕ್ಕದಲ್ಲೇ 1367ರ ಜಾಮಿ ಮಸೀದಿ. ನಡುವೆ ಬಯಲಂಗಳವೇ ಇಲ್ಲ, ಪೂರ್ತಿ ಮೇಲೆ ಗುಮ್ಮಟಗಳ ಸೂರು. ಯುದ್ಧದ ಪಾಠಕ್ಕೆ ಅದು ಬೇಕಿಲ್ಲ, ಆದರೆ ಅಷ್ಟು ಹತ್ತಿರ ಹೋಗಿ ಒಳಗೆ ಹೋಗದೆ ಬಂದರೆ ಹೇಗೆ?

ಅಷ್ಟು ದೊಡ್ಡ ತೋಪನ್ನು ಹೇಗೆ ಮಾಡುತ್ತಿದ್ದರು?

ಎರಡು ದಾರಿ. ಒಂದು, ಕಂಚು ಕರಗಿಸಿ ಎರಕ ಹೊಯ್ಯುವುದು. ವಿಜಯಪುರದ ಮಲಿಕ್-ಎ-ಮೈದಾನ್ ಹಾಗೆ ಆದದ್ದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾಯಿತು, ತೂಕ ಸುಮಾರು 55 ಟನ್. ಇನ್ನೊಂದು, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅದರ ಮೇಲೆ ಕಾಸಿದ ಬಳೆಗಳನ್ನು ತೊಡಿಸುವುದು. ಬಳೆ ಆರುತ್ತ ಬಿಗಿಯಾಗುತ್ತದೆ. ನಮ್ಮ ಬಂಡಿ ಗಾಲಿಗೆ ಪಟ್ಟಾ ಹಾಕುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ.

ಬೀದರ್ ಕೋಟೆಯ ಹಳೇ ತೋಪುಗಳ ಹತ್ತಿರ ಮಕ್ಕಳನ್ನು ಕೂರಿಸಿ. ಕಣ್ಣು ಮುಚ್ಚಿ ಬೆರಳು ಆಡಿಸಲು ಹೇಳಿ. ನುಣುಪು, ಏರು, ಮತ್ತೆ ನುಣುಪು, ಮತ್ತೆ ಏರು. ಒಂದು ವರ್ಷ ಒಬ್ಬಳು ಹುಡುಗಿ ಹೀಗೇ ಬಳೆ ಎಣಿಸುತ್ತ ಹೋಗಿ ಅರ್ಧಕ್ಕೆ ನಿಂತಳು. "ಸರ್, ಇಲ್ಲಿ ಸೀಳು ಬಿಟ್ಟಿದೆ, ಹಾರಿಸಿದರೆ ಇದೇ ಒಡೀತಿತ್ತಲ್ಲ?" ಅಂದಳು. ಅವಳ ಅಪ್ಪ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಹಾಗೆ ಒಡೆದು ತೋಪಿನವರೇ ಸತ್ತ ಪ್ರಸಂಗ ಆ ಕಾಲದಲ್ಲಿ ಅಪರೂಪವಲ್ಲ. ಅದನ್ನು ನಾನು ಹೇಳುವ ಮೊದಲೇ ಅವಳು ಕಂಡುಕೊಂಡಳು.

ಮದ್ದು ನಮ್ಮ ಕಡೆ ಯಾವಾಗ ಬಂತು?

ಇದಕ್ಕೆ ಒಂದು ಇಸವಿ ಹೇಳಿ ಕೈತೊಳೆದುಕೊಳ್ಳಬೇಡಿ. 1360ರ ದಶಕದಲ್ಲೇ ಬಹಮನಿಗಳು ವಿಜಯನಗರದ ಮೇಲೆ ತೋಪು ಬಳಸಿದರು ಅಂತ ದಖ್ಖನಿನ ಇತಿಹಾಸ ಬರೆದ ಫೆರಿಷ್ತಾ ಹೇಳಿದ್ದಾನೆ. ಅವನು ಬರೆದದ್ದು ಇನ್ನೂರು ವರ್ಷ ದಾಟಿದ ಮೇಲೆ, ಹಾಗಾಗಿ ಇತಿಹಾಸಕಾರರಲ್ಲಿ ಜಗಳವಿದೆ. ಮುಂದೆ 1472ರ ಸುಮಾರಿಗೆ ಬಹಮನಿ ಮಂತ್ರಿ ಮಹಮೂದ್ ಗವಾನ್ ಬೆಳಗಾವಿ ಕೋಟೆ ಮುತ್ತಿದಾಗ ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿದರು. ದಖ್ಖನಿಗೆ ಅದು ಹೊಸದು ಅಂತ ಅದೇ ಫೆರಿಷ್ತಾ ಹೇಳುತ್ತಾನೆ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಅದೇ ಗವಾನ್. ಅದರ ಒಂದು ಪಕ್ಕ ಇವತ್ತು ಇಲ್ಲ. ಔರಂಗಜೇಬನ ಕಾಲದಲ್ಲಿ, 1690ರ ದಶಕದಲ್ಲಿ, ಮದ್ದು ಸಿಡಿದು ಹೋಯಿತು. ಮದ್ದಿನಿಂದ ಕೋಟೆ ಒಡೆದವನ ಶಾಲೆಯೇ ಮದ್ದಿಗೆ ಹೋಯಿತು ನೋಡಿ.

1520ರ ರಾಯಚೂರಿನ ಕತೆ ಮಕ್ಕಳಿಗೆ ಬಲು ಇಷ್ಟ. ಕೃಷ್ಣದೇವರಾಯನ ಸೈನಿಕರು ಗುದ್ದಲಿ, ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಕಾಸು! ಮೇಲಿನಿಂದ ಕಲ್ಲು ಬೀಳಿಸುತ್ತಿದ್ದ ಕಾವಲಿನವರನ್ನು ಪೋರ್ಚುಗೀಸರ ಒಂದು ಸಣ್ಣ ತಂಡ ಬತ್ತಿ ಕೋವಿಯಿಂದ ಗುರಿಯಿಟ್ಟು ಹೊಡೆಯಿತು. ನೂನಿಸ್ ಎಂಬ ಪೋರ್ಚುಗೀಸ್ ಬರೆದಿಟ್ಟ ವಿವರ ಇದು. ಅಂದರೆ ಒಂದೇ ಗೋಡೆಯ ಕೆಳಗೆ ಹಾರೆ, ಮತ್ತು ಕೋವಿ. ಹೊಸದು ಬಂದ ದಿನವೇ ಹಳೇದು ಹೋಗುವುದಿಲ್ಲ. ತೋಪಿಗೆ "ಫಿರಂಗಿ" ಅಂತ ಹೆಸರು ಹೇಗೆ ಬಂತು ಅಂತಲೂ ಇಲ್ಲೇ ಕೇಳಿ. ಪೋರ್ಚುಗೀಸರನ್ನು ಪರಂಗಿಗಳು ಅನ್ನುತ್ತಿದ್ದರು, ಉತ್ತರ ತಾನೇ ಹೊಳೆಯುತ್ತದೆ.

ಬೀದರ್ ಕೋಟೆಯಲ್ಲಿ ಮೊದಲು ಏನು ನೋಡಬೇಕು?

ಬಹಳ ಮಂದಿ ನೇರ ಒಳಗಿನ ಅರಮನೆ ರಂಗೀನ್ ಮಹಲಿಗೆ ಓಡುತ್ತಾರೆ. ಬೇಡ. ಹೊರಗೇ ನಿಲ್ಲಿ, ಕಂದಕದ ಹತ್ತಿರ. ಇಲ್ಲಿ ಕಂದಕ ಒಂದಲ್ಲ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕೊರೆದು, ನಡುವೆ ಬಂಡೆಯ ಗೋಡೆ ಬಿಟ್ಟು, ಮೂರು ಸಾಲು ಮಾಡಿದ್ದಾರೆ. ಒಬ್ಬ ಹುಡುಗನನ್ನು ದಾಳಿಕೋರ ಅಂತ ಮಾಡಿ. "ನೀನು ಏಣಿ ಹೊತ್ತು ಬಂದೆ. ಮೊದಲ ಕಂದಕ ಇಳಿದೆ, ಹತ್ತಿದೆ. ಈಗ?" ಮತ್ತೆ ಇಳಿ. ಮತ್ತೆ ಹತ್ತು. ಅಷ್ಟು ಹೊತ್ತೂ ಮೇಲಿನವರಿಗೆ ನೀನು ಕಾಣುತ್ತಲೇ ಇರುತ್ತೀಯ. ಈ ಕಂದಕ ಯಾವುದಕ್ಕೆ ಹೆದರಿತ್ತು? ಓಡಿ ಬರುವ ಕಾಲಿಗೆ, ಏಣಿಗೆ, ಬುಡ ತೋಡುವ ಗುದ್ದಲಿಗೆ. ಬಂಡೆಯಲ್ಲಿ ಸುರಂಗ ತೋಡುವುದು ಸುಲಭವಲ್ಲ ಅಲ್ವಾ?

ಆಮೇಲೆ ಬಾಗಿಲು. ಶರ್ಜಾ ದರ್ವಾಜಾ 1503ರದ್ದು, ಮೇಲೆ ಹುಲಿಗಳ ಕೆತ್ತನೆ. ಅಲ್ಲಿಂದ ಗುಂಬದ್ ದರ್ವಾಜಾದ ಕಡೆ ನಡೆಯುವಾಗ ದಾರಿ ತಿರುಗುವುದನ್ನು ಗಮನಿಸಲು ಹೇಳಿ. ನೇರ ದಾರಿಯಿದ್ದರೆ ಆನೆ ಓಟ ಹಿಡಿದು ಬಂದು ಗುದ್ದುತ್ತದೆ. ತಿರುವಿದ್ದರೆ ಓಟ ಸಿಗುವುದಿಲ್ಲ. ಈ ಬಾಗಿಲು ಆನೆಗೆ ಹೆದರಿತ್ತು.

ಕೊನೆಗೆ ಬುರುಜು. ಒಟ್ಟು 37 ಬುರುಜು ಅಂತ ಲೆಕ್ಕ, ಮುಂಡಾ ಬುರುಜು ಒಂದಕ್ಕಂತೂ ಹತ್ತಲೇಬೇಕು. ಅಲ್ಲಿ ನಿಂತರೆ ಕೆಳಗಿನ ಬಯಲು ತಟ್ಟೆ ಹಾಗೆ ಕಾಣುತ್ತದೆ. ಗುಂಡು ತಾಗಿದರೆ ಜಾರಲಿ ಅಂತ ದುಂಡನೆಯ ಮೈ. ಮೇಲೆ ತೋಪು ಇಡಲು ಅಗಲವಾದ ಕಟ್ಟೆ. 1560ರ ದಶಕದ ನಂತರ ದಖ್ಖನಿನಲ್ಲಿ ಎತ್ತರದ ಕಟ್ಟೆ ಕಟ್ಟಿ, ನಡುವೆ ಗೂಟ ನೆಟ್ಟು, ದೊಡ್ಡ ತೋಪನ್ನು ಸುತ್ತ ತಿರುಗಿಸುವ ಪದ್ಧತಿ ಬಂತು. ಅಲ್ಲಿಯವರೆಗೆ ಗೋಡೆ ಸುಮ್ನೆ ಏಟು ತಿನ್ನುತ್ತಿತ್ತು. ಈಗ ತಿರುಗಿ ಹೊಡೆಯಲು ಕಲಿಯಿತು.

ಊರೊಳಗಿನ ಚೌಬಾರಾ ಬಿಡಬೇಡಿ. 71 ಅಡಿ ಎತ್ತರದ ಕಾವಲು ಗೋಪುರ. ಫೋನಿಲ್ಲದ ಕಾಲದಲ್ಲಿ ಶತ್ರು ಬಂದದ್ದು ಯಾರಿಗೆ ಮೊದಲು ಗೊತ್ತಾಗುತ್ತಿತ್ತು ಅನ್ನುವುದಕ್ಕೆ ಇದೇ ಉತ್ತರ.

ಇಷ್ಟೆಲ್ಲ ಇದ್ದೂ ಬೀದರ್ ಬಿತ್ತಲ್ಲ?

ಬಿತ್ತು, 27 ದಿನದಲ್ಲಿ. 1657ರ ಮಾರ್ಚ್. ಆಗ ಬೀದರ್ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು, 1619ರಿಂದ. ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಹೊರಗೆ ಔರಂಗಜೇಬ್, ಆಗಿನ್ನೂ ರಾಜಕುಮಾರ. ಜೊತೆಗೆ ಮೊಗಲ್ ಸರದಾರ ಮೀರ್ ಜುಮ್ಲಾ ಮತ್ತು ಅವನ ತೋಪುಗಳು. ಎರಡು ಬುರುಜು ಜಖಂ ಆದವು. ಕೊನೆಯ ದಿನ ಹೊರಗಿನಿಂದ ಹಾರಿಬಂದ ಬೆಂಕಿ ಬುರುಜಿನ ಹಿಂದೆ ಕೂಡಿಟ್ಟ ಮದ್ದಿಗೆ ತಗುಲಿತು. ಸಿದ್ದಿ ಮರ್ಜಾನ್ ಮತ್ತು ಅವನ ಇಬ್ಬರು ಮಕ್ಕಳು ಸುಟ್ಟು ಗಾಯಗೊಂಡರು. ಅವನು ಉಳಿಯಲಿಲ್ಲ.

ಆ ಬೆಂಕಿ ಬಾಣದ್ದು. ಬಿಲ್ಲಿನ ಬಾಣವಲ್ಲ, ಮದ್ದು ತುಂಬಿದ ರಾಕೆಟ್ಟು. ಜಾತ್ರೆಯಲ್ಲಿ "ಬಾಣ ಬಿರುಸು" ಅಂತೀವಲ್ಲ, ಆ ಬಾಣ. ಇದನ್ನು ಹೇಳಿದಾಗ ಇಡೀ ಗುಂಪು "ಓ!" ಅನ್ನುತ್ತದೆ, ಪ್ರತಿ ವರ್ಷ.

ಅದೇ ವರ್ಷ ಬೇಸಿಗೆಯಿಂದ ಮಳೆಗಾಲದವರೆಗೆ ಬಸವಕಲ್ಯಾಣದ ಕೋಟೆಗೂ ಮುತ್ತಿಗೆ ಬಿತ್ತು. ಅದು ಸುಮಾರು ಮೂರು ತಿಂಗಳು ತಡೆಯಿತು. ದೊಡ್ಡ ಕೋಟೆ ಬೇಗ ಬಿತ್ತು, ಸಣ್ಣದು ತಡೆಯಿತು. ಯಾಕಿರಬಹುದು ಅಂತ ಬಸ್ಸಿನಲ್ಲಿ ಮಕ್ಕಳಿಗೇ ಬಿಡಿ.

ಮುತ್ತಿಗೆ ಹಾಕಿದಾಗ ಒಳಗಿನವರಿಗೆ ನೀರು?

ಅದೇ ದೊಡ್ಡ ಆಯುಧ. ಬೀದರಿನ ನೌಬಾದ್ ಕಡೆಯ ಕರೇಜ್ ತೋರಿಸಿ, ಊರವರು ಸುರಂಗ ಬಾವಿ ಅನ್ನುತ್ತಾರೆ. ಬಹಮನಿ ಕಾಲದ ನೆಲದಡಿಯ ಕಾಲುವೆ. ಕಾಣದ ನೀರಿಗೆ ವಿಷ ಹಾಕುವುದು ಕಷ್ಟ.

ಸುರಪುರ ಅಷ್ಟು ದೂರ. ಬೇಕಾ?

ಬೇಕು. ನನಗೆ ಕೇಳಿದರೆ ಮೂರು ದಿನದಲ್ಲಿ ಅದೇ ಒಳ್ಳೇ ದಿನ. ಯಾದಗಿರಿ ಜಿಲ್ಲೆಯ ಮಕ್ಕಳಿಗಂತೂ ತಮ್ಮೂರಿನ ಹೆಸರು ಮೊಗಲ್ ಇತಿಹಾಸದ ಕೊನೆ ಪುಟಗಳಲ್ಲಿದೆ ಅಂತ ಗೊತ್ತೇ ಇರುವುದಿಲ್ಲ.

1705. ಔರಂಗಜೇಬನಿಗೆ 86 ವರ್ಷ. ಫೆಬ್ರವರಿಯಲ್ಲಿ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನು ತಾನೇ ಮುಂದೆ ನಿಂತ ಕೊನೆಯ ಮುತ್ತಿಗೆ ಅದು. ಎದುರಿಗೆ ಬೇಡರ ಪಿಡ್ಡ ನಾಯಕ, ಸಹಾಯಕ್ಕೆ ಮರಾಠರು. ಅಲ್ಲಿ ಬೀದರಿನಂಥ ಮೂರು ಕಂದಕ ಎಲ್ಲಿ ಬರಬೇಕು? ಗುಡ್ಡ, ಬಂಡೆ, ಪೊದೆ. ಮತ್ತು ಬೇಡರ ಕೋವಿಯ ಗುರಿ, ಅದು ದಖ್ಖನಿನಲ್ಲೆಲ್ಲ ಹೆಸರಾದದ್ದು. ಬಾದಶಾಹನ ದೊಡ್ಡ ಸೈನ್ಯಕ್ಕೆ ಮೂರು ತಿಂಗಳ ಹತ್ತಿರ ಹಿಡಿಯಿತು. ಏಪ್ರಿಲ್ ಕೊನೆಗೆ ಒಳಗಿನವರು ರಾತ್ರೋರಾತ್ರಿ ಜಾಗ ಖಾಲಿ ಮಾಡಿ ಹೊರಟರು. ಗೆದ್ದವನ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಅವನು ಅಲ್ಲೇ ಹತ್ತಿರದ ದೇವಾಪುರದಲ್ಲಿ ಬೀಡು ಬಿಟ್ಟು ಕಾಯಿಲೆ ಬಿದ್ದ. ಎರಡು ವರ್ಷಕ್ಕೆ ತೀರಿಕೊಂಡ.

ಮಕ್ಕಳನ್ನು ಒಂದು ಬಂಡೆಯ ಹಿಂದೆ ಕೂರಿಸಿ, ಇನ್ನೊಂದು ಗುಂಪನ್ನು ಕೆಳಗಿನಿಂದ ಹತ್ತಿಸಿ. ಯಾರು ಯಾರಿಗೆ ಮೊದಲು ಕಾಣುತ್ತಾರೆ ನೋಡಲಿ. ಹತ್ತು ನಿಮಿಷದ ಆಟ, ಬೋರ್ಡಿನ ಮೇಲೆ ಎರಡು ಪಿರಿಯಡ್ ಹೇಳಿದರೂ ಹೀಗೆ ತಲೆಗೆ ಹೋಗುವುದಿಲ್ಲ.

ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ 1858ರ ಬಂಡಾಯದ ಕತೆ ಹೇಳಿ. ಅವನು ಚಿಕ್ಕವನಿದ್ದಾಗ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಬಂಗಲೆಯನ್ನೂ ತೋರಿಸಿ.

"ಇದೆಲ್ಲ ಹಿಂದೂ-ಮುಸ್ಲಿಂ ಯುದ್ಧ ಅಲ್ವಾ ಸರ್?" ಅಂತ ಮಕ್ಕಳು ಕೇಳಿದರೆ?

ಕೇಳಿಯೇ ಕೇಳುತ್ತಾರೆ. ಬೈಯಬೇಡಿ, ಭಾಷಣವನ್ನೂ ಮಾಡಬೇಡಿ. ಪಟ್ಟಿ ಮಾಡಿಸಿ. 1657ರಲ್ಲಿ ಬೀದರ್ ಒಳಗೆ ಯಾರು? ಸಿದ್ದಿ ಮರ್ಜಾನ್. ಹೊರಗೆ ಯಾರು? ಔರಂಗಜೇಬ್. ತಾಳಿಕೋಟೆಯಲ್ಲಿ ವಿಜಯನಗರದ ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು. ಎದುರಿಗಿದ್ದ ಸುಲ್ತಾನರಲ್ಲಿ ಒಬ್ಬ ನಮ್ಮ ಬೀದರಿನ ಅಲಿ ಬರೀದ್. ಆ ಸುಲ್ತಾನರು ಅದಕ್ಕೆ ಮೊದಲು ತಮ್ಮತಮ್ಮಲ್ಲೇ ಹೊಡೆದಾಡಲು ಇದೇ ರಾಮರಾಯನ ಸಹಾಯ ಕೇಳಿದವರು. ಪಟ್ಟಿ ಅರ್ಧ ಆಗುವಷ್ಟರಲ್ಲಿ ಮಕ್ಕಳೇ "ಇದು ಬೇರೆ ಲೆಕ್ಕ ಐತ್ರಿ" ಅನ್ನುತ್ತಾರೆ.

1948ರ ವಿಷಯ ಹೇಳಬೇಕಾ?

ಹೇಳದಿದ್ದರೆ ಪ್ರವಾಸ ಅರ್ಧಕ್ಕೇ ನಿಂತಂತೆ. ನಮ್ಮ ಭಾಗವೂ ಸೇರಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಗುಟ್ಟಾಗಿ ಆಯುಧ ಬರುತ್ತಿತ್ತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಕರಾಚಿಯಿಂದ ರಾತ್ರಿ ಹಾರಿಸಿ ತರುತ್ತಿದ್ದ. ವಿಮಾನ ಇಳಿಯುತ್ತಿದ್ದ ಜಾಗಗಳಲ್ಲಿ ಬೀದರ್ ಒಂದು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಟ್ಯಾಂಕು, ವಿಮಾನದೊಂದಿಗೆ ಒಳಗೆ ಬಂತು. 17ಕ್ಕೆ ನಿಜಾಮ ಸೋಲೊಪ್ಪಿದ. ಔರಂಗಜೇಬನಿಗೆ ಒಂದು ಕೋಟೆಗೆ 27 ದಿನ. ಇಲ್ಲಿ ಇಡೀ ಸಂಸ್ಥಾನಕ್ಕೆ ಐದು ದಿನ. ಕೋಟೆಗಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಒಂಬತ್ತು, ಹತ್ತನೇ ಕ್ಲಾಸಿನವರಾದರೆ ಬಸವಕಲ್ಯಾಣದ ಕಡೆಯ ಗೋರಟಾಕ್ಕೆ ಹೋಗಬಹುದು. ಆ ವರ್ಷ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಅಲ್ಲಿ ಊರವರನ್ನು ಕೊಂದರು. ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ. ದೊಡ್ಡವರಿಗೂ ಅಲ್ಲಿ ಹಗ್ಗ, ಅಳತೆ, ಆಟ ಬೇಡ. ಸುಮ್ಮನೆ ನಿಂತು ಬರಲಿ.

ಮಧ್ಯೆ ವಿಮಾನದ ಸದ್ದಿಗೆ ಮಕ್ಕಳು ಪಾಠ ಕೇಳುವುದಿಲ್ಲ. ಏನು ಮಾಡೋದು?

ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ, ಸೂರ್ಯಕಿರಣ್ ತಂಡದ ನೆಲೆಯೂ ಅದೇ. ಬುರುಜಿನ ಮೇಲೆ ನಿಂತಾಗ ಹಾಕ್ ಜೆಟ್ ತಲೆ ಮೇಲೆ ಹಾದರೆ ಯಾವ ಮೇಷ್ಟ್ರ ಮಾತೂ ನಿಲ್ಲುವುದಿಲ್ಲ. ನಾನೂ ಮೊದಲೆಲ್ಲ ಸಿಡುಕುತ್ತಿದ್ದೆ. ಈಗ ವಿಮಾನ ಹೋಗುವವರೆಗೆ ಕಾದು, ಮೂರು ಕಂದಕದ ಕಡೆ ಕೈ ತೋರಿಸುತ್ತೇನೆ. ಮಾತೇ ಬೇಕಾಗುವುದಿಲ್ಲ.

ಗೈಡ್ ಬೇಕಾ?

ಒಳ್ಳೆಯವರು ಸಿಕ್ಕರೆ ಅದೃಷ್ಟ. ಒಮ್ಮೆ ಒಂದು ಕೋಟೆಯಲ್ಲಿ ಒಬ್ಬರು ಬಾವಿ ತೋರಿಸಿ, ಇಲ್ಲಿಂದ ಗೋಲ್ಕೊಂಡಕ್ಕೆ ಸುರಂಗ ಇದೆ ಅಂದರು. ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಬರೆದರು, ತಿದ್ದಿದವನು ನಾನೇ. ಅಂದಿನಿಂದ ನಮ್ಮ ಮಕ್ಕಳಿಗೆ ಒಂದು ಪ್ರಶ್ನೆ ಕಲಿಸಿದ್ದೇನೆ: "ನಿಮಗೆ ಹೆಂಗ ಗೊತ್ತಾತ್ರಿ?" ವಿನಯವಾಗಿ ಕೇಳಬೇಕು, ಅಷ್ಟೇ.

ಖರ್ಚು, ಅನುಮತಿ, ಊಟ?

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಪಾಲಕರ ಸಹಿ ಮೊದಲು. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಶಾಲೆಯ ಪತ್ರ ಕೈಲಿರಲಿ. ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಬರಲಿ. ಕಡಕ್ ರೊಟ್ಟಿ ಮೂರು ದಿನಕ್ಕೂ ಕೆಡುವುದಿಲ್ಲ, ದಂಡಿಗೆ ಹೊರಟವರೂ ಅದನ್ನೇ ಕಟ್ಟಿಕೊಂಡಿರಬೇಕು ಅಂತ ನನ್ನ ಊಹೆ. 15 ಮಕ್ಕಳಿಗೆ ಒಬ್ಬ ದೊಡ್ಡವರು ಅನ್ನುವುದು ನನ್ನ ಲೆಕ್ಕ.

ಬುರುಜಿನ ಅಂಚಿಗೆ ಕಟಾಂಜನ ಇಲ್ಲದ ಕಡೆ ಮೇಷ್ಟ್ರೇ ಹೋಗಿ ನಿಲ್ಲಬೇಕು. ಕಮಾನಿನ ಕೆಳಗೆ ಹೆಜ್ಜೇನು ಇದೆಯಾ ಅಂತ ತಲೆಯೆತ್ತಿ ನೋಡಿ. ನಾನು ಒಮ್ಮೆ ನೋಡಲಿಲ್ಲ. ಯಾರೋ ಕಲ್ಲು ಎಸೆದರು. ನಲವತ್ತು ಮಕ್ಕಳು ಓಡಿದ ಓಟಕ್ಕೆ ಯಾವ ಮೊಗಲ್ ದಂಡೂ ಸಾಟಿಯಲ್ಲ. ನನಗೆ ಏಳು ಕಡೆ ಕಚ್ಚಿತು, ಮಕ್ಕಳು ಬಚಾವಾದರು.

ಬಿದ್ರಿ ಅಂಗಡಿಗೆ ಹೋಗಬಹುದಾ, ಅಥವಾ ಅದು ಬರೀ ಶಾಪಿಂಗಾ?

ಕೆಲಸ ನಡೆಯುವ ಕಾರ್ಖಾನೆಗೆ ಹೋಗಿ. ಬೆಳ್ಳಿ ಕೂರಿಸಿದ ಲೋಹವನ್ನು ಕಪ್ಪು ಮಾಡಲು ಕೋಟೆಯ ಮಣ್ಣು ಮತ್ತು ನವಸಾಗರ ಬಳಸುತ್ತಾರೆ. ಮಳೆ, ಬಿಸಿಲು ತಾಗದ ಹಳೇ ಗೋಡೆಯ ಬುಡದ ಮಣ್ಣೇ ಬೇಕು, ಅದರಲ್ಲಿ ಉಪ್ಪಿನಂಶ ಇರುತ್ತದೆ. ಮದ್ದಿಗೆ ಬೇಕಾದ ಪೆಟ್ಲುಪ್ಪನ್ನೂ ಹಿಂದೆ ಇಂಥ ಹಳೇ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಮದ್ದು. ಅದೇ ಬಗೆಯ ಮಣ್ಣು ಇಲ್ಲಿ ಹೂಜಿಗೆ ಬಣ್ಣ ಹಚ್ಚುತ್ತದೆ.

ವಾಪಸ್ ಬಂದ ಮೇಲೆ ಏನು ಬರೆಸುವುದು?

"ನಾನು ಕಂಡ ಬೀದರ್ ಕೋಟೆ" ಅಂತ ಪ್ರಬಂಧ ಬೇಡ, ಅರವತ್ತು ಮಕ್ಕಳೂ ಒಂದೇ ಬರೆಯುತ್ತಾರೆ. ನಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಚಿತ್ರ ಬರೆದು, ಅದು ಯಾವುದಕ್ಕೆ ಹೆದರಿದೆ ಅಂತ ಪಕ್ಕದಲ್ಲಿ ಬರೆಯಿರಿ ಅನ್ನುತ್ತೇನೆ. ಹೋದ ವರ್ಷ ಒಬ್ಬ ಗೋಡೆಯ ಮೇಲಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದ. ಕೆಳಗೆ: "ಹಂದಿ, ಮೇಕೆ, ಮತ್ತು ಊಟದ ಬೆಲ್ ಆದ ಮೇಲೆ 9ನೇ ಬಿ." ಗಾಜಿಲ್ಲದ ಒಂದು ಮೊಳ ಜಾಗವನ್ನೂ ಬಾಣದ ಗುರುತು ಹಾಕಿ ತೋರಿಸಿದ್ದ. ನನಗೆ ಅದು ಗೊತ್ತೇ ಇರಲಿಲ್ಲ.